ಹಿಂಜ್‌ಗೂ ಸ್ವಲ್ಪ ವ್ಯಾಸಲೀನ್

ಇವತ್ತು ಸಂಜೆ ಪೂರ್ತಿ ನನ್ನ ಮಾಡೆಲ್ ವಿಮಾನದ ಏಲಿರಾನ್‌ಗೆ (ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ) ಹಿಂಜ್ ಕೂರಿಸುವುದರಲ್ಲೇ ಹೋಯಿತು. ಬಾಲ್ಸಾ ಅನ್ನುವ ಹಗುರ ಮರದ ಚಿಕ್ಕ ವಿಮಾನಕ್ಕೆ ಸಿಎ ಹಿಂಜ್ (ಸೂಪರ್ ಗ್ಲೂ ಹೀರುವ ತೆಳು ಪಟ್ಟಿ) ಸಾಕು, ಸೀಳಿನೊಳಗೆ ತೂರಿಸಿ ಎರಡೂ ಕಡೆ ತೆಳು ಸೂಪರ್ ಗ್ಲೂ ಬಿಟ್ಟರೆ ಅದೇ ಹೀರಿಕೊಳ್ಳುತ್ತದೆ. ದಪ್ಪ ಗ್ಲೂ ಒಳಗೆ ಇಳಿಯುವುದೇ ಇಲ್ಲ. ಇದು ಸ್ವಲ್ಪ ದೊಡ್ಡ ವಿಮಾನ, ಹಾಗಾಗಿ ಪಿನ್ ಇರುವ ನೈಲಾನ್ ಹಿಂಜ್, ಎಪಾಕ್ಸಿ ಅಂಟು.

ಇಲ್ಲಿ ನನಗೆ ಇಷ್ಟವಾಗುವ ಕೆಲಸ ಒಂದಿದೆ. ಟೂತ್‌ಪಿಕ್ ತುದಿಯಲ್ಲಿ ಸಾಸಿವೆಯಷ್ಟು ವ್ಯಾಸಲೀನ್ ತೆಗೆದು, ಎಪಾಕ್ಸಿ ಹಚ್ಚುವ ಮೊದಲೇ ಹಿಂಜ್ ಮಡಚುವ ಜಾಗಕ್ಕೆ ಮಾತ್ರ ಸವರುವುದು. ಅಂಟು ಅಲ್ಲಿಗೆ ಹರಿದರೂ ಹಿಡಿಯುವುದಿಲ್ಲ. ಆ ವ್ಯಾಸಲೀನ್ ರೆಕ್ಕೆ ಸೇರುವ ಭಾಗಕ್ಕೆ ತಗುಲಿತೋ, ಅಲ್ಲೂ ಹಿಡಿಯುವುದಿಲ್ಲ! ಒಂದೇ ಹಿಂಜ್, ಅಂಟಿಸಿದ ಕಡೆ ಬಿಗಿಯಾಗಿರಬೇಕು, ಮಡಚುವ ಕಡೆ ಸಲೀಸಾಗಿ ಆಡಬೇಕು.

ಫೀಲ್ಡಲ್ಲಿ ಎಲ್ಲರೂ ಕೇಳುವುದು ಎಂಜಿನ್ ಯಾವುದು, ಬಣ್ಣ ಎಲ್ಲಿ ಸಿಕ್ಕಿತು ಅಂತ. ಹಿಂಜ್ ಬಗ್ಗೆ ಯಾರೂ ಕೇಳುವುದಿಲ್ಲ, ಅದು ಸಡಿಲವಾಗಿ ವೇಗದಲ್ಲಿ ಏಲಿರಾನ್ ಪಟಪಟ ಅದುರಲು ಶುರುವಾಗುವ ತನಕ. ಮನೆಯಲ್ಲೂ ಇಂಥವರು ಒಬ್ಬರು ಇರ್ತಾರೆ ಅಲ್ವಾ?

ನಾಳೆ ಒಂದೊಂದನ್ನೂ ಎಳೆದು ನೋಡಬೇಕು. ನೀವು ಬಾಲದ ರಡ್ಡರ್‌ಗೆ ಯಾವ ಹಿಂಜ್ ಹಾಕ್ತೀರಿ, ಹೇಳಿ.