ಹಾಫ್ ಚಿತ್ರಾನ್ನ, ಚಟ್ನಿ ಜಾಸ್ತಿ

ಇವತ್ತು ಬೆಳಿಗ್ಗೆ ಆರೂಕಾಲಿಗೆ ಬೆಂಗಳೂರಿನ ಈಜಿಪುರದ ಕಡೆ ಹೋಗಿದ್ದೆ. ಓಣಿಯ ಬಾಯಲ್ಲೊಂದು ತಳ್ಳುಗಾಡಿ, ಇಡ್ಲಿ-ಚಿತ್ರಾನ್ನ. ಏಳೆಂಟು ವರ್ಷದ ಹುಡುಗಿಯೊಬ್ಬಳು ಸ್ಟೀಲ್ ಡಬ್ಬಿ ಚಾಚಿ, "ಹಾಫ್ ಚಿತ್ರಾನ್ನ, ಚಟ್ನಿ ಜಾಸ್ತಿ. ಅಮ್ಮ ಶನಿವಾರ ಕೊಡ್ತಾಳಂತೆ" ಅಂದಳು. ಗಾಡಿಯಮ್ಮ ತುಟಿ ಬಿಚ್ಚದೆ ಡಬ್ಬಿ ತುಂಬಿಸಿ, ಗಾಡಿಯ ತಗಡಿನ ಒಳಬದಿಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಅಲ್ಲಿ ಅಂಥ ಗೆರೆಗಳ ಕಾಡೇ ಇತ್ತು. ಡಬ್ಬಿಗೆ ಬಿದ್ದಿದ್ದು ಹಾಫ್ ಅಲ್ಲ, ಮುಕ್ಕಾಲು. ನಾನೇ ನೋಡಿದೆ.

ಆ ಓಣಿಯ ಎಷ್ಟೋ ಹೆಂಗಸರು ಬೆಳಕು ಹರಿಯೋ ಹೊತ್ತಿಗೇ ಅಪಾರ್ಟ್‌ಮೆಂಟುಗಳಲ್ಲಿ ಬೇರೆಯವರಿಗೆ ತಿಂಡಿ ಮಾಡ್ತಿರ್ತಾರೆ. ತಮ್ಮ ಮನೆ ಒಲೆ ಹಚ್ಚೋಕೆ ಪುರುಸೊತ್ತೆಲ್ಲಿ? 2017ರಲ್ಲಿ ಇಂದಿರಾ ಕ್ಯಾಂಟೀನು 5 ರೂಪಾಯಿಗೆ ತಿಂಡಿ ಕೊಡೋಕೆ ಶುರು ಮಾಡಿದ್ದು ಸಣ್ಣ ಮಾತಲ್ಲ, ನಾನೂ ಎಷ್ಟೋ ಸಲ ತಿಂದಿದ್ದೀನಿ. ಆದರೆ ಕ್ಯಾಂಟೀನಿನಲ್ಲಿ ಸೀಮೆಸುಣ್ಣ ಇರಲ್ಲ.

ಕಳೆದ ತಿಂಗಳು ಪಾಲಿಕೆಯವರು ಗಾಡಿಯನ್ನ ಎತ್ತಿಕೊಂಡು ಹೋಗಿದ್ದರಂತೆ, ಮೂರು ದಿನ. ಬೇಗ ಕೆಡುವ ಸಾಮಾನು ಜಪ್ತಿಯಾದರೆ ಕೇಳಿದ ದಿನವೇ ವಾಪಸ್ ಕೊಡಬೇಕು ಅನ್ನುತ್ತೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ. ಇಡ್ಲಿ ಹಿಟ್ಟು ಕಾಯ್ದೆಗೆ ಕಾಯುತ್ತಾ? ಸಂಜೆಗೆಲ್ಲ ಹುಳಿ. "ನಂದು ಬಿಡಿ ಸಾರ್, ಆ ಮೂರು ದಿನ ಮಕ್ಕಳು ಟೀ-ಬನ್ನಲ್ಲೇ ಸ್ಕೂಲಿಗೆ ಹೋದ್ವು" ಅಂದರು.

ನನ್ನ ಇಡ್ಲಿಗೆ ಇನ್ನೊಂಚೂರು ಚಟ್ನಿ ಕೇಳಿದೆ. ಖಾಲಿಯಾಗಿತ್ತು.