ಬೋರ್ಡಿನಲ್ಲಿ ಕಂಡ 18

ಹಾಸನದ ಬಿ.ಎಂ. ರಸ್ತೆಯ ಜಿಮ್ಮೊಂದರಲ್ಲಿ ಒಂಬತ್ತು ವರ್ಷಗಳಿಂದ ಟ್ರೈನರ್ ಆಗಿದ್ದೇನೆ. ಕಳೆದ ವರ್ಷ ಸಂಜೆಯ ಬ್ಯಾಚ್‌ನಲ್ಲಿ ನಡೆದ ಪ್ರಸಂಗವೊಂದನ್ನು ಸಹೋದ್ಯೋಗಿಗಳು ಈಗಲೂ ನೆನೆದು ನಗುತ್ತಾರೆ. ಅವರ ಜೊತೆ ನಾನೂ ನಗುತ್ತೇನೆ, ಮನೆಗೆ ಹೋದ ಮೇಲೆ ನಗು ಬರುವುದಿಲ್ಲ.

ಆ ತಿಂಗಳು ಮಾಲೀಕರು 45 ದಿನಗಳ ಚಾಲೆಂಜ್ ಘೋಷಿಸಿ, ಸದಸ್ಯರ ಹೃದಯಬಡಿತವನ್ನು ತೋರಿಸುವ ದೊಡ್ಡ ಬೋರ್ಡೊಂದನ್ನು ಗೋಡೆಗೆ ಹಾಕಿಸಿದ್ದರು. ಕೆಂಪು ಝೋನ್‌ನಲ್ಲಿ ಕಳೆದ ನಿಮಿಷಗಳಿಗೆ ಅಂಕ, ಆ ಅಂಕಕ್ಕೆ ತಕ್ಕಂತೆ ನಮಗೆ ಇನ್ಸೆಂಟಿವ್. ಕಾರ್ಡಿಯೋ ಸಾಲಿನ ಎರಡು ಫ್ಯಾನ್‌ಗಳ ರಿಪೇರಿಗೆ ಇಲ್ಲದ ಹಣ ಬೋರ್ಡಿಗೆ ಮಾತ್ರ ಹೇಗೋ ಒದಗಿತ್ತು.

ನನ್ನ ಬಳಿ ಪಿ.ಟಿ. (ಒಬ್ಬರಿಗೇ ಕೊಡುವ ಪರ್ಸನಲ್ ಟ್ರೈನಿಂಗ್) ಪಡೆಯುತ್ತಿದ್ದ 40 ವರ್ಷದ ಶಿಕ್ಷಕಿಯೊಬ್ಬರು ಶಾಲೆ ಮುಗಿಸಿ ನೇರವಾಗಿ ಬರುತ್ತಿದ್ದರು. 220ರಿಂದ ವಯಸ್ಸನ್ನು ಕಳೆಯುವ ನಮ್ಮ ಹಳೆಯ ಲೆಕ್ಕದ ಪ್ರಕಾರ ಅವರ ಗರಿಷ್ಠ ಬಡಿತ 180, ಅದರ ಶೇಕಡಾ 80 ಎಂದರೆ 144; ಕೆಂಪು ಝೋನ್‌ಗೆ ಅಷ್ಟು ಬೇಕು. ಎರಡು ವಾರ ಕಳೆದರೂ ಅವರ ಅಂಕಿ 118 ದಾಟಿರಲಿಲ್ಲ. ಅವರ ಮುಖ ಕೆಂಪೇರುತ್ತಿತ್ತು, ಮಾತು ತುಂಡಾಗುತ್ತಿತ್ತು. ಆದರೂ ನಾನು ಬೋರ್ಡಿನತ್ತ ಕೈ ತೋರಿಸಿ, "ನೀವಿನ್ನೂ ದಣಿದೇ ಇಲ್ಲ ಮೇಡಂ" ಎನ್ನುತ್ತಿದ್ದೆ.

ಅಂದು ಟ್ರೆಡ್‌ಮಿಲ್ ಹತ್ತಿ 17ನೇ ನಿಮಿಷ ನಡೆಯುತ್ತಿತ್ತು. "ಸಾರ್, ನನ್ನದು 18 ಅಂತ ತೋರಿಸುತ್ತಿದೆ" ಎಂದರು. ನಾನು ತಿರುಗಿ ನೋಡಿದ್ದು ಅವರನ್ನಲ್ಲ, ಬೋರ್ಡನ್ನು. ಅಲ್ಲಿ 118 ಎಂದು ಸ್ಪಷ್ಟವಾಗಿಯೇ ಇತ್ತು. ಹಿಂದಿನ ವಾರವಷ್ಟೇ ಒಂದು ಕಾಲಂನ ಎಲ್‌ಇಡಿ ಕೆಟ್ಟು ದೂರು ಕೊಟ್ಟಿದ್ದರಿಂದ, ಪಕ್ಕಕ್ಕೆ ಹೋಗಿ ಬೇರೆ ಕೋನದಿಂದಲೂ ಪರೀಕ್ಷಿಸಿದೆ. ಬೋರ್ಡ್ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ, ಇದು ಇಳಿಯಲು ಹೂಡಿದ ನೆಪವೆಂದುಕೊಂಡು, ನಗುತ್ತಲೇ ಟ್ರೆಡ್‌ಮಿಲ್‌ನ ಇನ್‌ಕ್ಲೈನ್ (ಏರು) ಅನ್ನು 4ರಿಂದ 6ಕ್ಕೆ ಏರಿಸಿದೆ. ಅರ್ಧ ನಿಮಿಷದಲ್ಲಿ ಅವರೇ ಕೆಂಪು ಕ್ಲಿಪ್ ಎಳೆದು ಯಂತ್ರ ನಿಲ್ಲಿಸಿ, ಕಂಬಿ ಹಿಡಿದು ಕುಸಿದು ಕುಳಿತರು.

ಅವರಿಗೆ ನೋಟದ ಎಡಭಾಗವೇ ಮಾಯವಾಗಿತ್ತು; ಅದರ ಅಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕಿನ ಗೆರೆ ಮಿನುಗುತ್ತಿತ್ತಂತೆ. ಮೈಗ್ರೇನಿನ ಆರಾ ಅದು, ತಲೆನೋವಿಗೆ ಮುನ್ನ ಕಾಣಿಸುವ ಸೂಚನೆ. ಸಾಮಾನ್ಯವಾಗಿ 5ರಿಂದ 60 ನಿಮಿಷ ಇರುತ್ತದೆ, ನೋವು ಹಿಂದೆಯೇ ಬರುತ್ತದೆ. ನನಗೆ ಅದೊಂದೂ ತಿಳಿದಿರಲಿಲ್ಲ. ಎರಡೂ ಕೈ ಎತ್ತಿಸಿ, ಮನೆಯವರ ಹೆಸರು ಹೇಳಿಸಿ, ಪಾರ್ಶ್ವವಾಯು ಇರಬಹುದೇ ಎಂದು ನೋಡಿದ್ದೊಂದೇ ಅಂದು ನಾನು ಮಾಡಿದ ಸರಿಯಾದ ಕೆಲಸ. ಇದು ವರ್ಷಕ್ಕೆ ನಾಲ್ಕೈದು ಬಾರಿ ಬರುವ ಪರಿಚಿತ ಕಾಟವೆಂದು ಅವರೇ ಹೇಳಿದರು. ಮೊದಲ ಬಾರಿ ಹೀಗಾದರೆ, ಕೈ ಸೋತರೆ, ಮಾತು ತೊದಲಿದರೆ ಅಥವಾ ಒಂದೇ ನಿಮಿಷದೊಳಗೆ ತಲೆನೋವು ಸಿಡಿಲಿನಂತೆ ಶಿಖರ ಮುಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬೆಳಕೂ ಹಾಡಿನ ಅಬ್ಬರವೂ ಇಲ್ಲದ ಏಕೈಕ ಜಾಗ ಪ್ರೋಟೀನ್ ಡಬ್ಬಗಳ ಗೋದಾಮಾಗಿತ್ತು. ಪತಿ ಬರುವವರೆಗೆ ಅವರು ಅಲ್ಲಿಯೇ ವಾಂತಿಯ ಬಕೆಟ್ ಹಿಡಿದು ಮಲಗಿದ್ದರು.

ನೀರಿಗೆಂದು ಅವರ ಚೀಲ ತೆರೆದಾಗ ಪ್ರೊಪ್ರನೊಲಾಲ್ ಮಾತ್ರೆಯ ಪಟ್ಟಿ ಸಿಕ್ಕಿತು. ಅದು ಬೀಟಾ ಬ್ಲಾಕರ್, ಅಂದರೆ ಹೃದಯಬಡಿತ ತಗ್ಗಿಸುವ, ಬಿ.ಪಿ.ಗೂ ಕೊಡುವ ಮಾತ್ರೆ. ಮೈಗ್ರೇನ್ ತಡೆಗಾಗಿಯೂ ಕೊಡುತ್ತಾರೆ. ಅದನ್ನು ನುಂಗಿದವರ ಬಡಿತ ಎಷ್ಟು ಓಡಿಸಿದರೂ ಲೆಕ್ಕದಷ್ಟು ಏರುವುದಿಲ್ಲ. ಎರಡು ವಾರ ನಾನು ಏರಲಾಗದ ಅಂಕಿಯನ್ನು ಏರಿಸಲು ಆ ಹೆಣ್ಣುಮಗಳನ್ನು ಹತ್ತಿಸಿದ್ದೆ. ನಮ್ಮ ಫಾರ್ಮಿನಲ್ಲಿ "ಬಿ.ಪಿ. ಮಾತ್ರೆ ಇದೆಯೇ" ಎಂದಿತ್ತು, ಬಿ.ಪಿ. ಇಲ್ಲದ ಅವರು ಪ್ರಾಮಾಣಿಕವಾಗಿ "ಇಲ್ಲ" ಎಂದು ಬರೆದಿದ್ದರು.

ಮಾಲೀಕರ ಪರಿಹಾರ ಸರಳವಾಗಿತ್ತು: ಚಾಲೆಂಜ್ ಮುಗಿಯುವವರೆಗೆ ಮಾತ್ರೆ ಬಿಡಲಿ. ಈ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೇ ಅಪಾಯವಾಗಬಹುದು ಎಂದು ನಾನು ಅವರೊಡನೆ ಮೊದಲ ಬಾರಿಗೆ ಧ್ವನಿ ಏರಿಸಿದೆ. ಆ ತಿಂಗಳ ಇನ್ಸೆಂಟಿವ್ ಬರಲಿಲ್ಲ.

ಶಿಕ್ಷಕಿಯವರು ಹತ್ತು ದಿನಗಳ ನಂತರ ವೈದ್ಯರ ಚೀಟಿಯೊಂದಿಗೆ ಮರಳಿದರು. ವ್ಯಾಯಾಮ ಬಿಡಬಾರದು, ನಿಧಾನವಾಗಿ ಏರಿಸಬೇಕು ಎಂದಿತ್ತು. ಸ್ವೀಡನ್‌ನಲ್ಲಿ 91 ಮೈಗ್ರೇನ್ ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಆಮೇಲೆ ಓದಿದೆ. ವಾರಕ್ಕೆ ಮೂರು ಬಾರಿ 40 ನಿಮಿಷ ಸೈಕಲ್ ತುಳಿದವರಿಗೂ ಮೈಗ್ರೇನ್ ತಡೆಗೆ ಕೊಡುವ ಟೊಪಿರಮೇಟ್ ಮಾತ್ರೆ ನುಂಗಿದವರಿಗೂ ನೋವಿನ ಸಂಖ್ಯೆ ಇಳಿದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿರಲಿಲ್ಲ. ಅಂದರೆ ಅವರ ತಲೆಗೆ ಒಳ್ಳೆಯದಾಗುವ ಕೆಲಸವನ್ನೇ ನಾನು ಕೆಡುವಂತೆ ಮಾಡಿಸಿದ್ದೆ. ಟೊಪಿರಮೇಟ್ ಬೆವರನ್ನು ಕಡಿಮೆ ಮಾಡಬಲ್ಲದು ಎಂಬುದನ್ನೂ ಆಗಲೇ ತಿಳಿದು, ಕೆಟ್ಟ ಫ್ಯಾನ್‌ಗಳನ್ನು ನೋಡಿ ಇನ್ನಷ್ಟು ಸಿಟ್ಟು ಬಂತು.

ಈಗ ಅವರು ಐದು ಗಂಟೆಗೆ ಏನಾದರೂ ತಿಂದು, ನೀರು ಕುಡಿದು ಬರುತ್ತಾರೆ. ಹತ್ತು ನಿಮಿಷ ವಾರ್ಮ್‌ಅಪ್, ಬಳಿಕ ಸ್ಪೀಕರ್‌ನಿಂದ ದೂರದ ಸೈಕಲ್; ಪೂರ್ತಿ ವಾಕ್ಯ ಆಡಲಾಗುವಷ್ಟೇ ವೇಗ. ತೂಕ ಎತ್ತುವಾಗ ಉಸಿರು ಬಿಗಿಹಿಡಿಯಲು ಬಿಡುವುದಿಲ್ಲ. ತಲೆ ಹಿಡಿದ ದಿನ ರಜೆ, ಏಕೆಂದರೆ ಮೆಟ್ಟಿಲು ಹತ್ತಿದರೂ ಹೆಚ್ಚುವ ನೋವು ಅದು.

ಹಳೆಯ ಫಾರ್ಮುಗಳು ಕಟ್ಟುಗಟ್ಟಲೆ ಉಳಿದಿವೆಯೆಂದು ಮಾಲೀಕರು ಹೊಸದನ್ನು ಅಚ್ಚು ಹಾಕಿಸಿಲ್ಲ. ಪ್ರತಿ ಫಾರ್ಮಿನ ತಳದಲ್ಲಿ "ಯಾವ ಮಾತ್ರೆ, ಯಾತಕ್ಕೆ" ಎಂದು ನಾನೇ ಪೆನ್ನಿನಲ್ಲಿ ಬರೆಯುತ್ತೇನೆ. ಶಿಕ್ಷಕಿಯವರು ಬಡಿತ ಅಳೆಯುವ ಬೆಲ್ಟ್ ಕಟ್ಟುವುದಿಲ್ಲವಾದ್ದರಿಂದ ಬೋರ್ಡಿನಲ್ಲಿ ಅವರ ಕಾಲಂ ಖಾಲಿ ಇರುತ್ತದೆ. ಅದು ಕೆಟ್ಟಿದೆಯೇ ಎಂದು ಮಾಲೀಕರು ಪ್ರತಿ ಸೋಮವಾರ ಕೇಳುತ್ತಾರೆ.