ದೊಡ್ಡಮ್ಮನ ಪ್ರಶ್ನೆ ಹಿಡಿದು ಸಮುದ್ರದ ತಳಕ್ಕೆ

ದೊಡ್ಡಮ್ಮನ ಯೂರಿನ್ ಕಲ್ಚರ್ ಪ್ಲೇಟ್, ಅಂದರೆ ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆ, ನೋಡಿದವಳು ನಾನೇ. ಶಿವಮೊಗ್ಗದ ಒಂದು ಸಣ್ಣ ಲ್ಯಾಬಿನಲ್ಲಿ ನನ್ನ ಕೆಲಸವೇ ಅದು. ಹಿಂದಿನ ಸಂಜೆ ಇನ್‌ಕ್ಯುಬೇಟರಿನಲ್ಲಿ ಇಟ್ಟ ಪ್ಲೇಟನ್ನು ಬೆಳಗ್ಗೆ ತೆಗೆದು, ಒಂದೊಂದು ಔಷಧಿಯ ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಬಿಟ್ಟ ಜಾಗಕ್ಕೆ ಸ್ಕೇಲ್ ಇಟ್ಟು ಅಳೆಯುವುದು. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್‌ಗೆ 26 ಮಿ.ಮೀ. ಬಂದರೆ ಔಷಧಿ ನಾಟುತ್ತದೆ ಅಂತ ಬರೆಯುತ್ತೇವೆ. ದೊಡ್ಡಮ್ಮನದು 6. ಡಿಸ್ಕಿನ ಅಗಲವೇ 6 ಮಿ.ಮೀ.! ಕಾವಲಿಯ ಅಂಚಿನ ತನಕ ಹರಡಿದ ದೋಸೆಯ ಹಾಗೆ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಡಿಸ್ಕಿಗೆ ಒತ್ತಿಕೊಂಡೇ ಬೆಳೆದಿತ್ತು.

ದೊಡ್ಡಮ್ಮ ಇರುವುದು ಹೊಸನಗರದ ಆಚೆ. ಫೋನಿನಲ್ಲಿ ವಿಷಯ ಹೇಳಿದೆ. "ಆ ಮಾತ್ರೆ ನಾನು ಜನ್ಮದಲ್ಲಿ ನುಂಗಿಲ್ಲ ಮಾರಾಯ್ತಿ. ಕಾಣದ ಔಷಧೀನ ತಡ್ಕೊಳ್ಳೋದು ಆ ಹುಳ ಎಲ್ಲಿ ಕಲಿತು ಬಂತು?" ಅಂದಳು.

ಬೇರೆ ಯಾರೋ ನುಂಗಿರುತ್ತಾರೆ, ಅವರಿಂದ ದಾಟಿ ಬಂದಿರುತ್ತದೆ ಅಂದೆ. ಸುಳ್ಳೇನಲ್ಲ. ಆದರೆ ಮೊದಲು ಕಲಿತದ್ದು ಯಾರು? ಅದು ತಲೆಯಲ್ಲೇ ಉಳಿಯಿತು.

ಪೆನಿಸಿಲಿನ್ ಬೂಷ್ಟಿನಿಂದ ಬಂತು, ಸ್ಟ್ರೆಪ್ಟೊಮೈಸಿನ್ ಮಣ್ಣಿನ ಬ್ಯಾಕ್ಟೀರಿಯಾದಿಂದ. ಸಿಪ್ರೊ ಹಾಗಲ್ಲ, ಪೂರ್ತಿ ಮನುಷ್ಯ ಮಾಡಿದ್ದು. ಆದರೂ ಅದರಿಂದ ಬ್ಯಾಕ್ಟೀರಿಯಾವನ್ನು ಕಾಯುವ ಕ್ಯುಎನ್‌ಆರ್ ಎಂಬ ಜೀನ್ ಒಂದಿದೆ. 1998ರಲ್ಲಿ ರೋಗಿಯೊಬ್ಬರ ಬ್ಯಾಕ್ಟೀರಿಯಾದಲ್ಲಿ ಅದು ಸಿಕ್ಕಿದ ಸುದ್ದಿ ಬಂತು. 2005ರಲ್ಲಿ ಅದರ ತವರುಮನೆ ಗೊತ್ತಾಯಿತು: ಶೆವನೆಲ್ಲಾ ಆಲ್ಗೇ, ಸಮುದ್ರದ ನೀರಿನಲ್ಲಿರುವ ಬ್ಯಾಕ್ಟೀರಿಯಾ. ಈ ಜೀನ್ ಒಂದೇ ಇದ್ದರೆ ಔಷಧಿ ಪೂರ್ತಿ ಸೋಲುವುದಿಲ್ಲ. ಬ್ಯಾಕ್ಟೀರಿಯಾಕ್ಕೆ ಸ್ವಲ್ಪ ಉಸಿರು ಸಿಗುತ್ತದೆ, ಅಷ್ಟೆ. ಆ ಉಸಿರಿನಲ್ಲಿ ಅದರ ಡಿಎನ್‌ಎಯಲ್ಲಿ ಒಂದೆರಡು ತಪ್ಪುಗಳಾಗಿ, ಆ ತಪ್ಪೇ ಅದಕ್ಕೆ ಲಾಭವಾಗುತ್ತದೆ.

ಸಮುದ್ರದಲ್ಲಿ ಇನ್ನೂ ಕೆಳಗೆ ಹೋಗೋಣ. 1977ರಲ್ಲಿ ಆಲ್ವಿನ್ ಎಂಬ ಸಣ್ಣ ಜಲಾಂತರ್ಗಾಮಿಯಲ್ಲಿ ಗಲಾಪಗಸ್ ಹತ್ತಿರ ಸುಮಾರು 2500 ಮೀಟರ್ ಇಳಿದವರಿಗೆ ಬಿಸಿನೀರಿನ ಬುಗ್ಗೆಗಳು ಸಿಕ್ಕವು. ಎರಡು ವರ್ಷದ ಮೇಲೆ ಬೇರೆ ಕಡೆ ಕರಿ ಹೊಗೆ ಉಗುಳುವ ಕಲ್ಲಿನ ಚಿಮಣಿಗಳೂ ಸಿಕ್ಕವು. ಒಳಗಿನ ನೀರು 350 ಡಿಗ್ರಿ. ಮೇಲಿನ ಭಾರ ಎಷ್ಟೆಂದರೆ ಅಷ್ಟು ಬಿಸಿಯಲ್ಲೂ ನೀರು ಕುದಿಯುವುದಿಲ್ಲ. ಹೊಗೆ ಅಂದರೆ ಹೊಗೆಯಲ್ಲ, ತಾಮ್ರ, ಸತು, ಕಬ್ಬಿಣದ ಕಣಗಳು. ಬ್ಯಾಕ್ಟೀರಿಯಾ ಇರುವುದು ಆ ಕೆಂಡದ ನೀರಿನೊಳಗೆ ಅಲ್ಲ, ಅದು ತಣ್ಣೀರಿಗೆ ಸೇರುವ ಅಂಚಿನಲ್ಲಿ.

ತಾಮ್ರ ಜಾಸ್ತಿಯಾದರೆ ಬ್ಯಾಕ್ಟೀರಿಯಾಕ್ಕೆ ವಿಷ. ಹಾಗಾಗಿ ಒಳಗೆ ಬಂದದ್ದನ್ನು ಹೊರಗೆ ಎತ್ತಿ ಹಾಕುವ ಪಂಪುಗಳು ಅದರ ಗೋಡೆಯಲ್ಲೇ ಇರುತ್ತವೆ. ತೋಟಕ್ಕೆ ಬಸಿಗಾಲುವೆ ಇದ್ದ ಹಾಗೆ. ಬಸಿಗಾಲುವೆ ಇದು ಮಳೆನೀರು, ಇದು ಊಟೆನೀರು ಅಂತ ಕೇಳುವುದಿಲ್ಲ ಅಲ್ವಾ? ಈ ಪಂಪುಗಳಲ್ಲೂ ಕೆಲವು ಹಾಗೇ. ಲೋಹವನ್ನೂ ಎಸೆಯುತ್ತವೆ, ಆಂಟಿಬಯೋಟಿಕನ್ನೂ ಎಸೆಯುತ್ತವೆ. ಇನ್ನು ಕೆಲವು ಸಲ ಲೋಹ ತಡೆಯುವ ಜೀನೂ ಔಷಧಿ ತಡೆಯುವ ಜೀನೂ ಒಂದೇ ಪ್ಲಾಸ್ಮಿಡ್‌ನಲ್ಲಿರುತ್ತವೆ. ಪ್ಲಾಸ್ಮಿಡ್ ಅಂದರೆ ಡಿಎನ್‌ಎಯ ಸಣ್ಣ ಬಳೆ. ಪಕ್ಕದ ಬ್ಯಾಕ್ಟೀರಿಯಾಕ್ಕೆ ಅದರದೊಂದು ನಕಲು ದಾಟುತ್ತದೆ, ಒಂದರ ಜೊತೆ ಇನ್ನೊಂದೂ ಹೋಗುತ್ತದೆ. ಅಲ್ಲಿ ಪಕ್ಕದವರಿಗೇನೂ ಬರವಿಲ್ಲ. ಲೋಳೆಯ ಪದರದಲ್ಲಿ ಒಂದರ ಮೇಲೊಂದು ಅಂಟಿಕೊಂಡು, ಜಾಗಕ್ಕಾಗಿ ಒಂದಕ್ಕೊಂದು ವಿಷ ಹಾಕುತ್ತಾ ಬದುಕುತ್ತವೆ. ನಾವು ಆಂಟಿಬಯೋಟಿಕ್ ಅನ್ನುವುದರಲ್ಲಿ ಎಷ್ಟೋ ಮೊದಲಿಗೆ ಇಂಥ ವಿಷಗಳೇ. 2011ರಲ್ಲಿ ಕೆನಡಾದ 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲೂ ಔಷಧಿ ತಡೆಯುವ ಜೀನುಗಳು ಸಿಕ್ಕವು. ಆಗ ಮಾತ್ರೆಯೂ ಇಲ್ಲ, ಡಾಕ್ಟರೂ ಇಲ್ಲ.

ತಾಮ್ರ ಅಂದ ಕೂಡಲೇ ನನಗೆ ಅಪ್ಪಯ್ಯನ ನೀಲಿ ಡ್ರಮ್ ನೆನಪಾಯಿತು.

ಜೂನ್ ಮೊದಲ ವಾರ ಊರಿಗೆ ಹೋದಾಗ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವ ಗಡಿಬಿಡಿ. ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಉಪ್ಪು), ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಅಪ್ಪಯ್ಯ ಕತ್ತಿಯ ತುದಿಯನ್ನು ಔಷಧಿಯಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ, ಬಿಸಿಲಿಗೆ ಹಿಡಿದ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿತ್ತು. "ಸುಣ್ಣ ಸಾಲ್ದು," ಅಂತ ಇನ್ನೊಂದು ಬೊಗಸೆ ಸುಣ್ಣದ ತಿಳಿ ಸುರಿದ. ಎರಡನೇ ಸಲ ಅಲಗು ಬೆಳ್ಳಗೇ ಬಂತು. ನಮ್ಮ ಲ್ಯಾಬಿನ ಯಾವ ಟೆಸ್ಟೂ ಇಷ್ಟು ಚೆನ್ನಾಗಿಲ್ಲ.

ಈ ಕಡೆಯ ತೋಟಗಳಿಗೆ ಎಷ್ಟೋ ವರ್ಷದಿಂದ ಮಳೆಗಾಲಕ್ಕೆ ಎರಡು ಸಲ ಈ ತಾಮ್ರ ಬೀಳುತ್ತಿದೆ. ಬಿದ್ದ ತಾಮ್ರ ಕರಗಿ ಮಾಯವಾಗುವ ವಸ್ತು ಅಲ್ಲ. ಡೆನ್ಮಾರ್ಕಿನ ಹೊಲದ ಮಣ್ಣಿಗೆ ತಾಮ್ರ ಸೇರಿಸಿ ನೋಡಿದವರು, ಅಲ್ಲಿ ತಾಮ್ರ ತಡೆಯುವ ಬ್ಯಾಕ್ಟೀರಿಯಾ ಹೆಚ್ಚಿದ್ದಷ್ಟೇ ಅಲ್ಲ, ಆಂಟಿಬಯೋಟಿಕ್ ತಡೆಯುವವೂ ಹೆಚ್ಚಿದವು ಅಂತ 2005ರಲ್ಲಿ ಬರೆದರು. ಸುಮ್ನೆ ಅಪ್ಪಯ್ಯನಿಗೆ ಹೇಳಿದೆ.

"ಕೊಳೆ ಬಂದ್ರೆ ಒಂದು ಗೊನೇನೂ ನಿಲ್ಲಲ್ಲ. ಔಷಧಿ ಹೊಡೀದೆ ಏನ್ ಮಾಡ್ಲಿ, ನೀನೇ ಹೇಳು," ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಫೀಸು ಕಟ್ಟಿದ್ದೂ ಆ ಅಡಿಕೆಯೇ.

ದೊಡ್ಡಮ್ಮನ ಪ್ಲೇಟಿನಲ್ಲಿ ನೈಟ್ರೊಫ್ಯುರಾಂಟೊಯಿನ್ ಎಂಬ ಇನ್ನೊಂದು ಔಷಧಿಯ ಡಿಸ್ಕಿನ ಸುತ್ತ ಚೆನ್ನಾಗಿ ಖಾಲಿ ಇತ್ತು. ಡಾಕ್ಟರು ಅದನ್ನೇ ಬರೆದುಕೊಟ್ಟರು. ಸಮುದ್ರದ ಕತೆಯನ್ನೂ ದೊಡ್ಡಮ್ಮನಿಗೆ ಹೇಳಿದ್ದೆ. ಮೂರನೇ ದಿನ ಬೆಳಗ್ಗೆ ಆರಕ್ಕೇ ಫೋನ್.

"ಉರಿ ಹೋಯ್ತು ಕಣೇ. ಆದ್ರೆ ಮೂತ್ರ ಕಾಫಿ ಡಿಕಾಕ್ಷನ್ ಥರ ಬರ್ತಿದೆ. ಇದ್ಯಾವ ಸಮುದ್ರದ್ದು?"

ಮಾತ್ರೆಯ ಬಣ್ಣ ದೊಡ್ಡಮ್ಮ, ಹೆದರಬೇಡ ಅಂದೆ. ನಂಬಲಿಲ್ಲ. ಅಪ್ಪಯ್ಯನಿಗೂ ಫೋನ್ ಮಾಡಿ ಕೇಳಿದಳಂತೆ.